ಅರವತ್ತು ಸೆಕೆಂಡಿನ ಹಗ್ಗ

ರಾತ್ರಿ 11.20. ನಾನು ಬೆಂಗಳೂರಿನ ಮನೆಯಲ್ಲಿ. ಲಿನಕ್ಸ್ ಸರ್ವರ್ ಹುಬ್ಬಳ್ಳಿಯಲ್ಲಿ. ನಡುವೆ 400 ಕಿಲೋಮೀಟರ್ ಕತ್ತಲೆ. ಬೆಳಗಿನ 6ರೊಳಗೆ 40 ಜಿಬಿ ಡೇಟಾ ಅಲ್ಲೇ ಪಕ್ಕದ ಬ್ಯಾಕಪ್ ಯಂತ್ರಕ್ಕೆ ದಾಟಬೇಕು. ವೇಗ ನೋಡಿದೆ: ಸೆಕೆಂಡಿಗೆ 300 ಕೆಬಿ. ಲೆಕ್ಕ ಹಾಕಿದೆ. 37 ಗಂಟೆ!

ಪಿಂಗ್ ಹೊಡೆದೆ. ಒಂದು ಪ್ಯಾಕೆಟ್ಟೂ ತಪ್ಪಲಿಲ್ಲ. ಹುಬ್ಬಳ್ಳಿಯ ಕಾವಲಿನವರಿಗೆ ಫೋನ್ ಮಾಡಿ ಎಬ್ಬಿಸಿದೆ. "ಹಸಿರು ದೀಪ ಉರಿಯಾಕತ್ತೈತ್ರೀ ಸರ್, ಏನೂ ಆಗಿಲ್ಲ." ದೀಪ ಸರಿ, ಪಿಂಗ್ ಸರಿ. ಹಾಗಾದರೆ ಕತ್ತು ಹಿಸುಕುತ್ತಿರುವುದು ಯಾವುದು?

ಸರ್ವರಿನ ನೆಟ್‌ವರ್ಕ್ ಕಾರ್ಡಿನ ಸ್ಥಿತಿ ನೋಡಲು ಇಥ್‌ಟೂಲ್ ಓಡಿಸಿದೆ. ವೇಗ 100. ಆಟೋ ನೆಗೋಷಿಯೇಷನ್ ಆನ್. ನಡುವೆ ಹೊಂಚು ಹಾಕಿ ಕೂತಿತ್ತು ಒಂದು ಸಾಲು. ಡ್ಯುಪ್ಲೆಕ್ಸ್: ಹಾಫ್. ಅಂದರೆ ಒಮ್ಮೆಗೆ ಒಂದೇ ದಿಕ್ಕಿನ ಸಂಚಾರ.

ಅಂಕಿಅಂಶ ತೆಗೆಸಿದೆ. ಲೇಟ್ ಕೊಲಿಷನ್ ಎಣಿಕೆ ಕಣ್ಣೆದುರೇ ಏರುತ್ತಿತ್ತು. ಹಾಫ್ ಡ್ಯುಪ್ಲೆಕ್ಸ್‌ನಲ್ಲಿ ಡಿಕ್ಕಿ ಸಹಜ, ಆದರೆ ಮೊದಲ 64 ಬೈಟ್‌ನೊಳಗೆ. ಅದು ದಾಟಿದ ಮೇಲೂ ಗುದ್ದಿದರೆ ಆಚೆಯವನು ನಿಯಮವನ್ನೇ ಪಾಲಿಸುತ್ತಿಲ್ಲ. ಘಟ್ಟದ ಒಂಟಿ ಸೇತುವೆಯಲ್ಲಿ ನನ್ನ ಸರ್ವರ್ ಹಾರ್ನ್ ಹಾಕಿ, ಕಾದು ಹೊರಡುತ್ತಿತ್ತು. ಎದುರಿನ ಸ್ವಿಚ್ ಕಣ್ಣುಮುಚ್ಚಿ ನುಗ್ಗುತ್ತಿತ್ತು. ಪಿಂಗ್ ಎಂದರೆ ಒಂಟಿ ಸೈಕಲ್, ಅದಕ್ಕೆಲ್ಲಿಯ ಡಿಕ್ಕಿ!

ಸಂಚು ಬಯಲಾಯಿತು. 1995ರ ಫಾಸ್ಟ್ ಇಥರ್ನೆಟ್ ಮಾನದಂಡದ ಪ್ರಕಾರ ಕಾರ್ಡು ಸುಮಾರು 16 ಮಿಲಿಸೆಕೆಂಡಿಗೊಮ್ಮೆ ಮಿಡಿತಗಳ ಗುಚ್ಛ ಕಳಿಸಿ ತನ್ನ ಸಾಮರ್ಥ್ಯ ಸಾರುತ್ತದೆ. ಆಚೆ ಯಾರೋ ಪುಣ್ಯಾತ್ಮ ಸ್ವಿಚ್ ಪೋರ್ಟನ್ನು 100 ಫುಲ್ ಎಂದು ಬಿಗಿದಿದ್ದ. ಬಿಗಿದ ಪೋರ್ಟ್ ಮಿಡಿಯುವುದಿಲ್ಲ. ಸಂಕೇತ ನೋಡಿ ಕಾರ್ಡು ವೇಗ ಊಹಿಸಿತು. ಡ್ಯುಪ್ಲೆಕ್ಸ್ ಊಹಿಸಲಾಗದು, ನಿಯಮದಂತೆ ಹಾಫ್‌ಗೆ ಬಿತ್ತು. (ಹಳೆಯ ಕಾರ್ಡುಗಳ ಜಗಳ ನೋಡಿದವರು ಬಿಗಿಯುವ ಚಟ ಬಿಡಲಿಲ್ಲ. ಬಿಗಿದರೆ ಎರಡೂ ಕಡೆ ಬಿಗಿಯಬೇಕಲ್ಲ, ಮಾರಾಯರೆ!)

ಸ್ವಿಚ್‌ನ ಪಾಸ್‌ವರ್ಡ್ ನನ್ನ ಬಳಿ ಇಲ್ಲ. ಇದ್ದವರು ಫೋನ್ ಎತ್ತುತ್ತಿಲ್ಲ. ಉಳಿದದ್ದು ಒಂದೇ ದಾರಿ: ಸರ್ವರನ್ನೂ 100 ಫುಲ್‌ಗೆ ಬಿಗಿಯುವುದು. ಆದರೆ ನಾನು ಒಳಹೊಕ್ಕಿರುವುದು ಅದೇ ಕಾರ್ಡಿನ ಮೂಲಕ. ಎಡವಿದರೆ ಕೂತ ಕೊಂಬೆಯನ್ನೇ ಕಡಿದಂತೆ.

ಬಾವಿಗಿಳಿಯುವವನಂತೆ ಸೊಂಟಕ್ಕೆ ಹಗ್ಗ ಕಟ್ಟಿದೆ. ಒಂದೇ ಸಾಲಿನ ಸ್ಕ್ರಿಪ್ಟ್: ಬಿಗಿ, 60 ಸೆಕೆಂಡ್ ಮಲಗು, ಮತ್ತೆ ಆಟೋಗೆ ಮರಳಿಸು. ಸಂಪರ್ಕ ಸತ್ತರೂ ಅದು ಸಾಯದಂತೆ ನೋಹಪ್ ಹಚ್ಚಿದೆ. ಉಸಿರು ಬಿಗಿಹಿಡಿದು ಎಂಟರ್ ಒತ್ತಿದೆ.

ಪರದೆ ಕಲ್ಲಾಯಿತು.

10 ಸೆಕೆಂಡ್. 15. ಕೀಲಿ ಕುಟ್ಟಿದೆ, ಅಕ್ಷರ ಮೂಡಲಿಲ್ಲ. 20. ಆಗ ಹೊಳೆಯಿತು, ಸ್ಪ್ಯಾನಿಂಗ್ ಟ್ರೀ! ಲಿಂಕ್ ಬಿದ್ದೆದ್ದರೆ ಹಳೆಯ ಸ್ವಿಚ್ 15 ಸೆಕೆಂಡ್ ಆಲಿಸಿ, ಇನ್ನೂ 15 ಸೆಕೆಂಡ್ ಕಲಿತು, ಆಮೇಲಷ್ಟೇ ಬಾಗಿಲು ತೆರೆಯುತ್ತದೆ. ನನ್ನ ಹಗ್ಗದ ಅರ್ಧ ಅಲ್ಲೇ ಸವೆದಿತ್ತು.

34ನೇ ಸೆಕೆಂಡಿಗೆ ಕರ್ಸರ್ ಮಿಸುಕಿತು. ಕುಟ್ಟಿದ್ದ ಅಕ್ಷರಗಳೆಲ್ಲ ದಬದಬ ಉದುರಿದವು. ಅಳಿಸಿದೆ. ಉಳಿದಿದ್ದು ಸುಮಾರು 20 ಸೆಕೆಂಡ್. ಸ್ಕ್ರಿಪ್ಟಿನ ಪ್ರೋಸೆಸ್ ನಂಬರ್ ಹುಡುಕಿದೆ. ಕಿಲ್ ಎಂದು ಬರೆಯುವಲ್ಲಿ ಒಂದಂಕಿ ತಪ್ಪಿತು. ತಿದ್ದಿದೆ. 52ನೇ ಸೆಕೆಂಡಿಗೆ ಎಂಟರ್. 60 ದಾಟಿತು. 70. ಸಂಪರ್ಕ ಅಲುಗಲಿಲ್ಲ!

ಡ್ಯುಪ್ಲೆಕ್ಸ್: ಫುಲ್. ಸೆಕೆಂಡಿಗೆ 11 ಎಂಬಿ. ಕೊಲಿಷನ್ ಎಣಿಕೆ ನಿಂತಲ್ಲೇ ನಿಂತಿತು. 37 ಗಂಟೆಯ ಹಾದಿ ಒಂದು ಗಂಟೆಗೆ ಇಳಿದಿತ್ತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕಾವಲಿನವರ ದನಿಯಲ್ಲಿ ಗಾಬರಿ. "ಸರ್, ದೀಪ ಭಾಳ ಜೋರ್ ಮಿಣಕಾಕತ್ತೈತ್ರೀ. ಏನರ ಕೆಟ್ಟೈತೇನ್ರೀ?"