ಒಂದು ವೈನ್ ಪಟ್ಟಿಯ ಮೌಲ್ಯಮಾಪನ

ಮೂವತ್ತಾರು ವರ್ಷ ಗಣಿತದ ಉತ್ತರಪತ್ರಿಕೆಗಳನ್ನು ತಿದ್ದಿದ ನನ್ನ ಕೈಗೆ, ನಿವೃತ್ತಿಯಾಗಿ ಇಷ್ಟು ವರ್ಷಗಳಾದ ಮೇಲೆ, ಒಂದು ರೆಸ್ಟೋರೆಂಟಿನ ವೈನ್ ಪಟ್ಟಿ ತಿದ್ದಲು ಬಂದೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ನನ್ನನ್ನು ಬಲ್ಲ ಬಂಧುಗಳು ಇದನ್ನು ಓದಿ ನಗುವುದು ಖಂಡಿತ. ಮದುವೆಮನೆಯಲ್ಲಿ ಯಾರೋ ಕುಡಿದು ಪಂಕ್ತಿಗೆ ಬಂದರೆಂದು ಎಲೆ ಬಿಟ್ಟು ಎದ್ದವನು ನಾನು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಆ ಪಟ್ಟಿಯಲ್ಲಿದ್ದ ಯಾವುದರ ರುಚಿಯನ್ನೂ ನಾನು ನೋಡಿಲ್ಲ. ನೋಡಿದ್ದು ಪಟ್ಟಿಯನ್ನು ಮಾತ್ರ.

ಅದನ್ನು ನನ್ನ ಮುಂದಿಟ್ಟವನು 1994ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ. ಆಗ ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿದ್ದೆ. ಅವನ ತಂದೆಗೆ ಒಂದೂವರೆ ಎಕರೆ ದ್ರಾಕ್ಷಿ ತೋಟವಿತ್ತು. ಆ ಸೀಮೆಯವರು ಹಿಂದಿನಿಂದ ಬೆಳೆಯುತ್ತ ಬಂದ ಬೆಂಗಳೂರು ನೀಲಿ ದ್ರಾಕ್ಷಿ (2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು). ಆ ಬ್ಯಾಚಿನವರಿಗೆ ನೆನಪಿರಬಹುದು, ಹಣ್ಣಿನ ಕಾಲ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಬುಟ್ಟಿ ತಪ್ಪದೆ ಇರುತ್ತಿತ್ತು. 1996ರಲ್ಲಿ ಪಿಯುಸಿ ಮುಗಿಸಿ, ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಸೇರಲು ನಡತೆಯ ಬಗ್ಗೆ ಒಂದು ಪತ್ರ ಬೇಕೆಂದು ಅವನು ಮನೆಗೆ ಬಂದ. ಅಡುಗೆ ಕಲಿಯುತ್ತೀಯಾ ಎಂದು ಕೇಳಿದೆ. "ಇಲ್ಲ ಸರ್, ವೈನ್ ವಿಷಯ ಕಲೀಬೇಕು ಅಂತ. ನಮ್ಮ ತಾಲ್ಲೂಕಲ್ಲೇ ಗ್ರೋವರ್‌ನವರು ಮಾಡ್ತಾರಲ್ಲ," ಎಂದ.

ನನ್ನ ಅಣ್ಣ ತೀರಿಕೊಂಡು ಆಗ ಐದು ವರ್ಷವಾಗಿತ್ತಷ್ಟೆ. ಸಾರಾಯಿ ಪ್ಯಾಕೆಟ್ಟು ಅವನನ್ನು ನಲವತ್ತು ದಾಟಲು ಬಿಡಲಿಲ್ಲ. ಕೊನೆಯ ವರ್ಷ ನಮ್ಮಮ್ಮ ಕಿವಿಯ ಓಲೆಯನ್ನೂ ಬಿಚ್ಚಿಕೊಟ್ಟಿದ್ದರು. ಸರ್ಕಾರ ಸಾರಾಯಿಯನ್ನು ನಿಲ್ಲಿಸಿದ್ದು 2007ರ ಜುಲೈನಲ್ಲಿ, ನಮ್ಮ ಮನೆಯ ಮಟ್ಟಿಗೆ ಹದಿನಾರು ವರ್ಷ ತಡವಾಗಿ. ಇದೆಲ್ಲ ಆ ಹುಡುಗನಿಗೆ ಹೇಗೆ ಗೊತ್ತಿರಬೇಕು? "ಹೆಂಡ ಹಂಚೋದಕ್ಕೆ ನನ್ನ ಸಹಿ ಬೇಕೇನೋ?" ಎಂದು ಗದರಿ ಕಳಿಸಿದೆ. ಅವನು ಮರುಮಾತನಾಡಲಿಲ್ಲ, ತಂದಿದ್ದ ಹಣ್ಣಿನ ಚೀಲವನ್ನು ಜಗಲಿಯ ಮೇಲಿಟ್ಟು ಹೋದ. ಪತ್ರವನ್ನು ಮುಖ್ಯೋಪಾಧ್ಯಾಯರಿಂದ ಪಡೆದನೆಂದು ಆಮೇಲೆ ತಿಳಿಯಿತು. ಅವನ ಮದುವೆಯ ಕರೆಯೋಲೆ ಬಂದಾಗಲೂ ನಾನು ಹೋಗಲಿಲ್ಲ.

ಕಳೆದ ವರ್ಷ ಅವನೇ ಫೋನು ಮಾಡಿದ. ಈಗ ಬೆಂಗಳೂರಿನ ಒಂದು ರೆಸ್ಟೋರೆಂಟಿನಲ್ಲಿ ವೈನ್ ವಿಭಾಗದ ಪೂರ್ತಿ ಜವಾಬ್ದಾರಿ ಅವನದು. ಅದಕ್ಕೆ ಸೊಮೆಲಿಯೇ ಎಂಬ ಫ್ರೆಂಚ್ ಹೆಸರಿದೆಯಂತೆ. "ಅಮ್ಮಾವ್ರನ್ನೂ ಕರ್ಕೊಂಡು ಮಧ್ಯಾಹ್ನ ಊಟಕ್ಕೆ ಬನ್ನಿ ಸರ್. ಒಂದು ಲೆಕ್ಕ ನೋಡಿಕೊಡಬೇಕು. ಗಿರಾಕಿಗಳು ಪಟ್ಟಿ ನೋಡ್ತಾರೆ, ಮಡಿಸಿಡ್ತಾರೆ. ಓದೋರಿಗೆ ಇದರಲ್ಲಿ ಮೋಸ ಕಾಣ್ತಿದೆಯಾ ಅಂತ ಹೇಳಿ. ನೀವು ಕುಡಿಯಲ್ಲ, ಅದಕ್ಕೇ ನಿಮ್ಮನ್ನ ಕೇಳ್ತಿದೀನಿ," ಎಂದ. ಬೇಡವೆನ್ನಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ನನ್ನಾಕೆ, "ಜಗಲಿ ಮೇಲಿನ ದ್ರಾಕ್ಷಿ ತಿಂದೆವಲ್ಲ, ಹೋಗೋಣ," ಎಂದಳು.

ನಮಗೆ ಮೋಸಂಬಿ ರಸ ತರಿಸಿ, ಆರು ಪುಟದ ಪಟ್ಟಿಯನ್ನು ಮುಂದಿಟ್ಟ. ಪ್ರತಿ ಹೆಸರಿನ ಪಕ್ಕದಲ್ಲಿ ಅಂಗಡಿಯ ಬೆಲೆಯನ್ನು ಪೆನ್ಸಿಲಿನಲ್ಲಿ ಬರೆದಿದ್ದ. ಜೇಬಿನಿಂದ ಕೆಂಪು ಪೆನ್ನು ತೆಗೆದೆ. ಅದು ಅಭ್ಯಾಸಬಲ.

ಮೊದಲು ಕಣ್ಣಿಗೆ ಬಿದ್ದದ್ದು ಅರ್ಧ ಉತ್ತರಗಳು. ಕೆಲವು ಸಾಲುಗಳಲ್ಲಿ ದ್ರಾಕ್ಷಿಯ ತಳಿ, ತಯಾರಕರು, ಊರು, ಕೊಯ್ಲಿನ ವರ್ಷ ಎಲ್ಲವೂ ಇದ್ದವು, ಕೆಲವಲ್ಲಿ ವರ್ಷವಿಲ್ಲ, ಒಂದೆಡೆ ಬರಿಯ 'ಹೌಸ್ ರೆಡ್' ಎಂದಿತ್ತು. ಯಾರ ಮನೆಯ ಕೆಂಪು ಎಂದು ಕೇಳಿದೆ. ಅವನು ನಕ್ಕ. ವರ್ಷಕ್ಕೆ ಅಷ್ಟು ಮಹತ್ವವೇಕೆ ಎಂಬುದನ್ನು ಅವನೇ ವಿವರಿಸಿದ: ನಮ್ಮ ದೇಶದ ಬಿಳಿ ವೈನುಗಳಲ್ಲಿ ಹೆಚ್ಚಿನವು, ಮುಖ್ಯವಾಗಿ ಶೆನಿನ್ ಬ್ಲಾಂಕ್ ಮತ್ತು ಸೊವಿನ್ಯೋನ್ ಬ್ಲಾಂಕ್, ಹೊಸತಾಗಿದ್ದಾಗಲೇ ಕುಡಿಯತಕ್ಕವು. ಹಳೆಯದಾದಷ್ಟೂ ಶ್ರೇಷ್ಠವೆಂಬುದು ಕೆಲವೇ ಜಾತಿಗಳಿಗೆ ಸಲ್ಲುವ ಮಾತು. ಅಂದರೆ, ಇಂಥ ಬಿಳಿ ವೈನಿನ ಮುಂದೆ ವರ್ಷ ಮರೆಮಾಚಿದ್ದರೆ ಅದು ಮಾರಾಟವಾಗದೆ ಉಳಿದ ಸರಕೂ ಇದ್ದೀತು. ಉತ್ತರ ಗೊತ್ತಿಲ್ಲದ ಹುಡುಗ ಅಕ್ಷರವನ್ನು ಗೀಚಿ ಬರೆಯುತ್ತಾನಲ್ಲ, ಹಾಗೆ. ವರ್ಷವಿಲ್ಲದ ಹನ್ನೊಂದು ಸಾಲುಗಳಿಗೂ ಸುತ್ತು ಹಾಕಿದೆ.

ಅನಂತರ ಲೆಕ್ಕ. 900 ರೂಪಾಯಿಯ ಬಾಟಲಿಗೆ ಪಟ್ಟಿಯಲ್ಲಿ 2,400. 1,600ರದಕ್ಕೆ 5,600. 4,000ದ್ದಕ್ಕೆ 9,000. ಭಾಗಿಸಿ ನೋಡಿ: ಮೊದಲನೆಯದು ಎರಡೂಮುಕ್ಕಾಲು ಪಟ್ಟಿಗೆ ಸ್ವಲ್ಪ ಕಡಿಮೆ, ಎರಡನೆಯದು ಮೂರೂವರೆ ಪಟ್ಟು, ಮೂರನೆಯದು ಎರಡೂಕಾಲು. ತೀರ ಅಗ್ಗದ್ದನ್ನು ಕೇಳಲು ನಾಚುವವರು ಅದರ ಮೇಲಿನದನ್ನು ಆರಿಸುತ್ತಾರೆ, ಆದ್ದರಿಂದ ಎರಡನೇ ಅಗ್ಗದ ಬಾಟಲಿಯಲ್ಲೇ ಹೆಚ್ಚು ಸುಲಿಗೆ ಎಂಬುದು ಈ ವೃತ್ತಿಯಲ್ಲಿ ಹಳೆಯ ಮಾತಂತೆ. ಲಂಡನ್ನಿನ ರೆಸ್ಟೋರೆಂಟುಗಳ ಪಟ್ಟಿಗಳನ್ನು ಲೆಕ್ಕಹಾಕಿ ಇಬ್ಬರು ಅರ್ಥಶಾಸ್ತ್ರಜ್ಞರು 2021ರಲ್ಲಿ ಬರೆದ ಪ್ರಬಂಧ ಬೇರೆಯೇ ಹೇಳುತ್ತದೆ. ಹೆಚ್ಚಿನ ಪಟ್ಟು ಕಂಡದ್ದು ಮಧ್ಯದ ಬೆಲೆಯವುಗಳಲ್ಲಿ. ಇವನ ಪಟ್ಟಿಯಲ್ಲೂ ಮಧ್ಯದಲ್ಲೇ ಉಬ್ಬು.

"ಇದು ನ್ಯಾಯವೇನೋ?" ಎಂದೆ, ಹಳೆಯ ದನಿಯಲ್ಲಿಯೇ. ಈ ಸಲ ಅವನು ಸುಮ್ಮನಿರಲಿಲ್ಲ. "ಬಾಡಿಗೆ, ಲೈಸೆನ್ಸು, ಸಂಬಳ, ಒಡೆಯೋ ಗ್ಲಾಸು, ಹಗಲೂ ರಾತ್ರಿ ಓಡೋ ಕೂಲರು, ಎಲ್ಲ ಈ ಬಾಟಲಿಯಿಂದಲೇ ಬರ್ಬೇಕು ಸರ್. ಎರಡೂವರೆ ಪಟ್ಟಿಗೆ ನಾನು ಜವಾಬು ಹೇಳ್ತೀನಿ. ಮೂರೂವರೆಗೆ ನನ್ನ ಹತ್ರ ಜವಾಬಿಲ್ಲ. ಅದು ಮಾಲೀಕರದ್ದು," ಎಂದ. ಈ ಮಾತು ನನಗೆ ಹಿಡಿಸಿತು. ದುಬಾರಿ ಬಾಟಲಿಗೆ ಪಟ್ಟು ಇಳಿಯುತ್ತ ಹೋಗಬೇಕು, ಏಕೆಂದರೆ ಗ್ಲಾಸು ತೊಳೆಯುವ ಖರ್ಚು ಎರಡಕ್ಕೂ ಒಂದೇ ಎಂದು ಅವನೇ ಸೇರಿಸಿದ.

ಗ್ಲಾಸಿನ ಪುಟದಲ್ಲಿ ನನಗೆ ಸಿಟ್ಟೇ ಬಂತು. ಒಂದು ಬಾಟಲಿ 750 ಮಿಲಿಲೀಟರು, ಒಂದು ಗ್ಲಾಸು 150, ಐದು ಗ್ಲಾಸು. ಅದೇ 2,400ರ ವೈನಿಗೆ ಗ್ಲಾಸೊಂದಕ್ಕೆ 650 ಎಂದರೆ ಐದಕ್ಕೆ 3,250. ತೆರೆದ ಬಾಟಲಿ ಎರಡು ಮೂರು ದಿನಗಳಲ್ಲಿ ಕಂಪು ಕಳೆದುಕೊಳ್ಳುವುದರಿಂದ ಉಳಿದದ್ದು ಚೆಲ್ಲುವ ನಷ್ಟ ಇರುತ್ತದೆ ಎಂದು ಒಪ್ಪಿದೆ. ಆದರೆ ಗ್ಲಾಸಿನಲ್ಲಿ ಹದಿನಾಲ್ಕು ಬಗೆಯವನ್ನು ಕೊಡುವುದೇಕೆ? ಮಂಗಳವಾರ ಎಷ್ಟು ಜನ ಬರುತ್ತಾರೆ ಎಂದು ಕೇಳಿದೆ. ಒಂಬತ್ತು ಮೇಜು, ಅದರಲ್ಲಿ ವೈನು ಕೇಳುವುದು ಮೂರು ನಾಲ್ಕು ಎಂದ. ಹಾಗಾದರೆ ಶುಕ್ರವಾರ ಬಂದವನ ಗ್ಲಾಸಿಗೆ ಬೀಳುವುದು ಮಂಗಳವಾರ ತೆರೆದದ್ದು. ಅವನ ಮುಖ ಕೆಂಪಾಯಿತು. ಆರಕ್ಕಿಂತ ಹೆಚ್ಚು ಬೇಡವೆಂದು ಅಂಚಿನಲ್ಲಿ ಬರೆದೆ.

ಒಳ್ಳೆಯದಕ್ಕೂ ಅಂಕ ಕೊಡಬೇಕಲ್ಲ. ನಾಸಿಕದವು, ಸೊಲ್ಲಾಪುರ ಜಿಲ್ಲೆಯ ಅಕ್ಲುಜಿನದು, ಹಂಪಿ ಬೆಟ್ಟಗಳ ಕಡೆಯದು, ನಮ್ಮ ನಂದಿ ಬೆಟ್ಟದ ಬುಡದ್ದು, ಇವೆಲ್ಲ ಕೊನೆಯ ಪುಟಕ್ಕೆ ತಳ್ಳಲ್ಪಡದೆ ಪರದೇಶದವುಗಳ ಪಕ್ಕದಲ್ಲೇ ಕುಳಿತಿದ್ದವು. ಖಾರದ ಊಟಕ್ಕೆ ಯಾವುದು ಸರಿ, ಯಾವುದು ಸಲ್ಲದು ಎಂದು ಒಂದೊಂದೇ ಸಾಲು ಬರೆದಿದ್ದ. ಆ ಸಾಲುಗಳಲ್ಲಿ ಬೊಗಳೆಯಿರಲಿಲ್ಲ. ಒಂದು ದುಬಾರಿ ಹೆಸರಿನ ಕೆಳಗೆ 'ನಮ್ಮ ಮೀನಿನ ಸಾರಿನೊಂದಿಗೆ ಬೇಡ' ಎಂದೇ ಇತ್ತು. ಮಾರುವವನು ತಾನೇ ಬೇಡವೆನ್ನುವುದನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ಕೊನೆಗೆ 100ಕ್ಕೆ 58 ಹಾಕಿದೆ. "ಇನ್ನೆರಡು ಕೊಟ್ಟಿದ್ರೆ ಫಸ್ಟ್ ಕ್ಲಾಸು ಸರ್," ಎಂದ, ಹತ್ತನೇ ತರಗತಿಯಲ್ಲಿ ಕೇಳುತ್ತಿದ್ದ ರಾಗದಲ್ಲಿ. ಕೊಡಲಿಲ್ಲ. ಕಾಗದವನ್ನು ನನ್ನ ಕಡೆ ಮತ್ತೆ ಸರಿಸಿ, "ಸಹಿ ಹಾಕಿಲ್ಲ ಸರ್," ಎಂದ. ಅವನಿಗೆ 1996 ನೆನಪಿತ್ತೋ, ತಿದ್ದಿದ ಪತ್ರಿಕೆಗೆ ಸಹಿ ಬೇಕೆಂಬ ರೂಢಿಯಷ್ಟೇ ನೆನಪಿತ್ತೋ, ಮುಖ ನೋಡಿ ತಿಳಿಯಲಿಲ್ಲ. ನನ್ನಾಕೆ ಮೋಸಂಬಿ ರಸದ ಗ್ಲಾಸನ್ನೇ ನೋಡುತ್ತಿದ್ದಳು. ಸಹಿ ಮಾಡಿ ತಾರೀಕು ಬರೆದೆ. ಅಣ್ಣನ ವಿಷಯವನ್ನು ಅವನಿಗೆ ಹೇಳಿದ್ದು ಕಾರು ಹತ್ತುವ ಮೊದಲು, ಹೊರಗೆ ನಿಂತು. "ಊರಲ್ಲಿ ಎಲ್ಲರಿಗೂ ಗೊತ್ತಿತ್ತು ಸರ್," ಎಂದ.

ಕುಡಿತದ ಬಗೆಗಿನ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ ಎಂಬುದನ್ನು ಇಲ್ಲಿಯೇ ದಾಖಲಿಸಿಬಿಡುತ್ತೇನೆ, ಮೊಮ್ಮಕ್ಕಳೂ ಇದನ್ನು ಓದುತ್ತಾರೆ.

ಎರಡು ತಿಂಗಳಾದ ಮೇಲೆ ಹೊಸ ಪಟ್ಟಿಯ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದ. ಎಲ್ಲ ಸಾಲಿಗೂ ವರ್ಷ ಬಂದಿದೆ. 'ಹೌಸ್ ರೆಡ್' ಹೋಗಿದೆ. ಗ್ಲಾಸಿನ ಪುಟದಲ್ಲಿ ಏಳು ಹೆಸರು. 5,600 ಇದ್ದದ್ದು 4,400 ಆಗಿದೆ. ಗ್ಲಾಸಿನ 650 ಮಾತ್ರ ಹಾಗೆಯೇ ಇದೆ, ಮಾಲೀಕರು ಒಪ್ಪಲಿಲ್ಲವಂತೆ. ನಾಲ್ಕನೆಯ ಪುಟದಲ್ಲಿ ಒಂದು ಕೂಡಿಸುವ ತಪ್ಪು ಉಳಿದಿತ್ತು. ಅದಕ್ಕೆ ಸುತ್ತು ಹಾಕಿ ವಾಪಸು ಕಳಿಸಿದ್ದೇನೆ.