ಬಿಸಿಲೂರಿನವರು ಕಡಲಿಗೆ ಹೊರಟಾಗ

“ಬಿಸಲ ಹುಡುಕ್ಕೊಂಡ ವಿಮಾನ ಹತ್ತಿ ಹೋಗೂದೇನವಾ? ಇಲ್ಲೇ ಮಾಳಗಿ ಮ್ಯಾಲ ಹತ್ತಿ ಕುಂದರ್ರಿ, ರೊಕ್ಕರೆ ಉಳೀತಾವ!”

ನಮ್ಮತ್ತೆಯ ಈ ಮಾತಿಗೆ ಮನೆಮಂದಿಯೆಲ್ಲ ನಕ್ಕೆವು. ನಗದೆ ಏನು ಮಾಡುವುದು? ನಮ್ಮದು ಇಂಡಿ ತಾಲೂಕಿನ ಸಾಲೋಟಗಿ. ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವ ಬಿಸಿಲು, ಬಾಯಿಬಿಟ್ಟ ಎರಿಭೂಮಿ, ನೀರಿಗಾಗಿ ಕಾಯುವ ಲಿಂಬೆ ತೋಟಗಳು. ಇಂಥ ಊರಿನವರು ‘ಬಿಸಿಲು ತುಂಬಿದ ಕಡಲ ತೀರ’ ಎಂಬ ಜಾಹೀರಾತು ನೋಡಿ ಮರುಳಾದದ್ದು ತಮಾಷೆಯೇ. ಆದರೆ ನಮಗೆ ಬೇಕಾದದ್ದು ಬಿಸಿಲಲ್ಲ, ನೀರು. ಕಣ್ಣು ಹಾಯುವಷ್ಟು ದೂರ ನೀರು.

ಮೂರು ವರ್ಷ ಕೂಡಿಟ್ಟ ಹಣವಿತ್ತು. ಗೋವಾ, ಗೋಕರ್ಣ ಎರಡನ್ನೂ ಮಕ್ಕಳು ಶಾಲೆಯ ಪ್ರವಾಸದಲ್ಲಿ ನೋಡಿದ್ದರು. ಈ ಸಲ ಪರದೇಶ ಎಂದು ತೀರ್ಮಾನವಾಯಿತು. ಮಾಲ್ಡೀವ್ಸೋ, ಶ್ರೀಲಂಕಾವೋ? ಏಳನೆಯ ತರಗತಿಯ ಮಗನೂ ಅವನಪ್ಪನೂ ಮಾಲ್ಡೀವ್ಸ್ ಪಕ್ಷ. ಒಂಬತ್ತನೆಯ ತರಗತಿಯ ಮಗಳು ಶ್ರೀಲಂಕಾ ಪಕ್ಷ. ನಾನು ತೂಗುವ ತಕ್ಕಡಿ. ಅತ್ತೆಯನ್ನು ಯಾರೂ ಕೇಳಲಿಲ್ಲ. ಅದು ನಮ್ಮ ಮೊದಲ ತಪ್ಪು.

ಊಟದ ನಂತರ ನಾಲ್ಕು ದಿನ ವಾದ ನಡೆಯಿತು. ಮಗ ನೋಟ್‌ಬುಕ್ ಹಿಡಿದು ಬಂದ. “ಮಮ್ಮಿ, ಮಾಲ್ಡೀವ್ಸ್‌ನ್ಯಾಗ ಸಾವಿರದಾ ನೂರಕ್ಕಿಂತ ಹೆಚ್ಚು ದ್ವೀಪ ಅದಾವ. ಎಲ್ಲಾ ಹವಳದ ಮ್ಯಾಲ ಹುಟ್ಟಿದ್ದು. ಇಡೀ ದೇಶದಾಗ ಒಂದು ಗುಡ್ಡ ಇಲ್ಲ. ನೆಲ ಸಮುದ್ರಕ್ಕಿಂತ ಬರೇ ಎರಡು ಮೀಟರ್ ಎತ್ತರ!” ವೀಸಾದ ತಲೆನೋವೂ ಇಲ್ಲ, ಇಳಿದ ಮೇಲೆ ಉಚಿತವಾಗಿ ಕೊಡುತ್ತಾರೆ. ಬೆಂಗಳೂರಿನಿಂದ ಮಾಲೆಗೆ ಹತ್ತಿರತ್ತಿರ ಎರಡು ತಾಸು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ದುಬಾರಿ ವ್ಯವಸ್ಥೆಯ ಜೊತೆಗೆ, ಜನವಸತಿಯ ದ್ವೀಪಗಳಲ್ಲಿ ಈಗ ಸಣ್ಣ ಅತಿಥಿಗೃಹಗಳೂ ಇವೆ. ಮಾಫುಶಿ ಅಂಥದ್ದೊಂದು ದ್ವೀಪ.

ಒಂದು ಸಂಗತಿ ನನ್ನ ಮನಸ್ಸಿಗೆ ತಟ್ಟಿತು. 2014ರ ಡಿಸೆಂಬರಿನಲ್ಲಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದು, ಇಡೀ ನಗರಕ್ಕೆ ಕುಡಿಯುವ ನೀರಿಲ್ಲದಾಗ ಭಾರತ ವಿಮಾನದಲ್ಲಿ, ಹಡಗಿನಲ್ಲಿ ನೀರು ಕಳಿಸಿತ್ತು. ಸುತ್ತ ಸಮುದ್ರ, ಬಾಯಿಗೆ ಹನಿ ಇಲ್ಲ. ಟ್ಯಾಂಕರ್ ದಾರಿ ಕಾದು ಗೊತ್ತಿರುವ ನಮ್ಮ ತಾಲೂಕಿನವರಿಗೆ ಇದು ಬಿಡಿಸಿ ಹೇಳಬೇಕಾದ ಕಷ್ಟವಲ್ಲ.

ಮಗಳ ವಾದವೇ ಬೇರೆ. “ಮಾಲ್ಡೀವ್ಸ್‌ನ್ಯಾಗ ನೀರು ನೋಡಿದ ಮ್ಯಾಲ ಏನ್ ನೋಡ್ತೀ? ಶ್ರೀಲಂಕಾದಾಗ ಕೋಟಿ, ಕಾಡು, ಆನಿ, ರೈಲು ಎಲ್ಲಾ ಅದಾವ.” ಅವಳು ಇನ್ನೊಂದು ಅಸ್ತ್ರವನ್ನೂ ಬಿಟ್ಟಳು. ನಮ್ಮೂರಿನ ಶಾಸನ! 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲಿ ವಿದ್ಯಾಶಾಲೆ ಕಟ್ಟಿಸಿದ. ಆಗ ಊರಿನ ಹೆಸರು ಪಾವಿಟ್ಟಗೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳಿದ್ದವೆಂದು ಶಾಸನ ಹೇಳುತ್ತದೆ. ಅದೇ ಕೃಷ್ಣ ಸಿಂಹಳದ ಅರಸನಿಂದಲೂ ಕಪ್ಪ ಪಡೆದೆನೆಂದು 959ರ ಕರ್ಹಾಡ ತಾಮ್ರಪಟದಲ್ಲಿ ಹೇಳಿಕೊಂಡಿದ್ದಾನೆ. “ಅವರೆಲ್ಲಾ ನಮ್ಮೂರಿಗೆ ಬಂದಿದ್ರು. ಈಗ ನಮ್ಮ ಪಾಳಿ,” ಎಂದಳು. ಅವಳಪ್ಪ, “ಕಪ್ಪ ಕೇಳಾಕ ಹೊಂಟೀವೇನು ಮತ್ತ?” ಎಂದು ನಕ್ಕರು. ಆದರೂ ಬಹುಮತ ಮಾಲ್ಡೀವ್ಸ್ ಕಡೆಗೇ ಇತ್ತು.

ಬುಕಿಂಗ್ ಮಾಡುವ ಮುನ್ನ ನಾನು ಮಾಲ್ಡೀವ್ಸ್‌ನ ಕಸ್ಟಮ್ಸ್ ಪಟ್ಟಿ ಓದಿದೆ. ಮದ್ಯ ಒಯ್ಯುವಂತಿಲ್ಲ. ಅದು ನಮಗೆ ಸಂಬಂಧವಿಲ್ಲದ ಮಾತು. ಅದೇ ಪಟ್ಟಿಯಲ್ಲಿ ಪೂಜೆಯ ವಿಗ್ರಹಗಳೂ ಇದ್ದವು. ನನ್ನ ಕಣ್ಣು ಅತ್ತೆಯ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯತ್ತ ಹೋಯಿತು. ಅದರೊಳಗೆ ಇಷ್ಟಲಿಂಗ. ಎಪ್ಪತ್ತೆರಡು ವರ್ಷದ ಆಕೆ ಅದನ್ನು ಕೊರಳಿನಿಂದ ತೆಗೆದಿಟ್ಟದ್ದನ್ನು ನಾನಂತೂ ಕಂಡಿಲ್ಲ. ಶಸ್ತ್ರಚಿಕಿತ್ಸೆಯ ದಿನ ಕೂಡ ಡಾಕ್ಟರ ಅನುಮತಿ ಪಡೆದು ಅಂಗೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿದ್ದರು.

ವಿಷಯ ತಿಳಿಸಿದೆ. ಅತ್ತೆ ಶಾಂತವಾಗಿ ಹೇಳಿದರು: “ಇದು ಮೂರ್ತಿ ಅಲ್ಲವಾ, ನನ್ನ ಜೀವ. ಆದ್ರ ಅವರ ದೇಶ, ಅವರ ಕಾನೂನ. ನಾವ್ಯಾಕ ತಪ್ಪ ಅನಬೇಕು? ನೀವು ಹೋಗಿ ಬರ್ರಿ. ನಾ ಮನಿ ಕಾಯ್ತೀನಿ.”

ಮೂರ್ತಿ ಬೇರೆ, ಇಷ್ಟಲಿಂಗ ಬೇರೆ ಎಂಬುದನ್ನು ವಿಮಾನ ನಿಲ್ದಾಣದ ಅಧಿಕಾರಿಗೆ ಯಾವ ಭಾಷೆಯಲ್ಲಿ ಬಿಡಿಸಿ ಹೇಳುವುದು? ಒಳಗೆ ಬಿಟ್ಟರೂ ಬಿಟ್ಟಾರು. ಆದರೆ ಬಿಡದಿದ್ದರೆ? ಆ ವಯಸ್ಸಿನಲ್ಲಿ ಆಕೆಯನ್ನು ಆ ಪ್ರಶ್ನೆಯ ಮುಂದೆ ನಿಲ್ಲಿಸುವುದು ನನಗೆ ಬೇಡವಾಗಿತ್ತು. ಎಲ್ಲರೂ ಸುಮ್ಮನಾದರು. ಆಗ ಮಗ ಕೇಳಿದ: “ಆಯಿ, ನೀ ಒಮ್ಮೆರೆ ಸಮುದ್ರ ನೋಡೀಯೇನು?”

“ಇಲ್ಲಪ್ಪಾ. ನಿಮ್ಮ ಮುತ್ಯಾ ತೋರಸ್ತೀನಿ ಅಂದಿದ್ದ. ಹೊಳಿ ದಾಟಿಸಿದ, ಕಡಲ ಉಳೀತು.”

ಮಗ ನೋಟ್‌ಬುಕ್ಕಿನಲ್ಲಿ ಬರೆದಿದ್ದ ಮಾಲ್ಡೀವ್ಸ್ ಪುಟಕ್ಕೆ ಅಡ್ಡಗೆರೆ ಎಳೆದ. ಅವನಿಗೆ ಅದು ಸಣ್ಣ ತ್ಯಾಗವಲ್ಲ. ಹವಳದ ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದ ಹುಡುಗ.

ಇನ್ನು ಶ್ರೀಲಂಕಾದಲ್ಲಿ ಯಾವ ಕಡೆ? ಏಜೆಂಟರೊಬ್ಬರು ದಕ್ಷಿಣ-ಪಶ್ಚಿಮ ತೀರದ ಬೆಂಟೋಟಕ್ಕೆ ಟಿಕೆಟ್ ಮಾಡಿಸಲು ತುದಿಗಾಲಲ್ಲಿ ನಿಂತಿದ್ದರು. ನಮಗಿದ್ದದ್ದು ಮೇ ತಿಂಗಳ ರಜೆ. ಆ ದೇಶದ ಹವೆಯ ಲೆಕ್ಕ ಇಲ್ಲಿ ಮುಖ್ಯ. ನೈಋತ್ಯ ಮಾನ್ಸೂನ್ ಮೇ ತಿಂಗಳಲ್ಲಿ ಪಶ್ಚಿಮ, ದಕ್ಷಿಣ ತೀರಗಳಿಗೆ ಬಡಿಯುತ್ತದೆ. ನಡುವಿನ ಬೆಟ್ಟಗಳು ಮೋಡಗಳನ್ನು ತಡೆಯುವುದರಿಂದ ಪೂರ್ವ ತೀರ ಆಗ ಒಣಗಿ, ಸಮುದ್ರ ಶಾಂತವಾಗಿರುತ್ತದೆ. ಬೆಂಟೋಟ, ಮಿರಿಸ್ಸ, ಗಾಲೆಗಳಿಗೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು. ಟ್ರಿಂಕೋಮಲಿ, ಪಾಸಿಕುಡಾಗಳಿಗೆ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್. ಒಂದೇ ದ್ವೀಪ, ಎರಡು ಕಾಲಮಾನ! ನಾವು ಟ್ರಿಂಕೋಮಲಿಗೆ ಹೊರಟೆವು.

ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಒಂದೂವರೆ ತಾಸಿನಲ್ಲಿ ಕೊಲಂಬೊ. ಅಲ್ಲಿಯೂ ನಮ್ಮದೇ ಗಡಿಯಾರ, ಮುಳ್ಳು ತಿರುಗಿಸುವ ಕೆಲಸವಿಲ್ಲ. ವ್ಯಾನಿನಲ್ಲಿ ದಂಬುಲ್ಲ, ಹಬರಣ ದಾಟಿ ಆರು ತಾಸಿನ ದಾರಿ. ಫಲಕಗಳಲ್ಲಿ ಸಿಂಹಳ, ತಮಿಳು, ಇಂಗ್ಲಿಷ್. ಕನ್ನಡದಂತೆಯೇ ಗುಂಡಗುಂಡಗಿನ ಸಿಂಹಳ ಅಕ್ಷರಗಳನ್ನು ಓದಲು ಹೋಗಿ ಮಕ್ಕಳು ಬಗೆಬಗೆಯ ಊರುಗಳನ್ನು ಹುಟ್ಟಿಸಿದರು. ಅತ್ತೆಯ ಗಂಟಿನಲ್ಲಿ ನಲವತ್ತು ಕಟಕ್ ರೊಟ್ಟಿ, ಶೇಂಗಾ ಚಟ್ನಿ.

ಅವು ಉಪಯೋಗಕ್ಕೆ ಬಂದವು. ಟ್ರಿಂಕೋಮಲಿಯಲ್ಲಿ ತಮಿಳರು ಬಹಳ. ದೋಸೆ, ಪಿಟ್ಟು, ಶಾವಿಗೆಯಂಥ ಇಡಿಯಾಪ್ಪ ಎಲ್ಲ ಸಿಗುತ್ತವೆ. ಆದರೆ ಮೊದಲ ದಿನ ತಟ್ಟೆಗೆ ಬಂದ ಕೆಂಪು ಕಾಯಿಚಟ್ನಿಯಲ್ಲಿ ಏನಿದೆ ಎಂದು ಕೇಳಿದೆ. ಒಣಗಿಸಿದ ಟ್ಯೂನಾ ಮೀನಿನ ಚೂರು! ಅದರ ಹೆಸರೇ ‘ಮಾಲ್ಡೀವ್ ಫಿಶ್’. ನಮ್ಮ ಮನೆಯವರು, “ನಾವ ಬಿಟ್ರೂ ಮಾಲ್ಡೀವ್ಸ್ ನಮ್ಮನ್ನ ಬಿಡ್ಲಿಲ್ಲ,” ಎಂದರು. ಅಂದಿನಿಂದ ಪ್ರತಿ ಹೊತ್ತೂ ಕೇಳಿಯೇ ಉಂಡೆವು.

ನೀಲಾವೆಳಿಯ ತೀರದಿಂದ ದೋಣಿಯಲ್ಲಿ ಪಾರಿವಾಳ ದ್ವೀಪಕ್ಕೆ ಹೋದೆವು. ಇದು ರಾಷ್ಟ್ರೀಯ ಉದ್ಯಾನ. ಮುಖಕ್ಕೆ ಕನ್ನಡಕ ಕಟ್ಟಿಕೊಂಡು ನೀರಿಗೆ ಮುಖವಿಟ್ಟ ಮಗ ಎಷ್ಟು ಹೊತ್ತಾದರೂ ಎತ್ತಲಿಲ್ಲ. ಹವಳ, ಬಣ್ಣದ ಮೀನು, ರೆಕ್ಕೆಯ ತುದಿ ಕಪ್ಪಗಿರುವ ಸಣ್ಣ ಶಾರ್ಕ್! ಹವಳ ಕಲ್ಲಲ್ಲ, ಜೀವ. ಅದರ ಮೇಲೆ ಕಾಲಿಟ್ಟರೆ ಸಾಯುತ್ತದೆ ಎಂದು ಅವನೇ ನಮಗೆ ಪಾಠ ಹೇಳಿದ. ಗೋಡೆಯ ಚಿತ್ರಗಳಿಗೆ ಅಡ್ಡಗೆರೆ ಬೀಳಲಿಲ್ಲ.

ಸಂಜೆ ಕೋಣೇಶ್ವರ. ಫ್ರೆಡ್ರಿಕ್ ಕೋಟೆಯೊಳಗೆ ಜಿಂಕೆಗಳು ದನಗಳ ಹಾಗೆ ಅಡ್ಡಾಡುತ್ತವೆ. ಸಮುದ್ರದ ಮೇಲೆ ಚಾಚಿದ ಕಡಿದಾದ ಬಂಡೆಯ ತುದಿಗೆ ಶಿವನ ಗುಡಿ. ಹಳೆಯ ಗುಡಿಯನ್ನು 17ನೆಯ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದರು. 1956ರಲ್ಲಿ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮತ್ತು ಗೆಳೆಯ ಮೈಕ್ ವಿಲ್ಸನ್ ಇಲ್ಲಿ ಮುಳುಗಿ, ಕಡಲ ತಳದಲ್ಲಿ ಅದರ ಅವಶೇಷಗಳನ್ನು ಕಂಡರು. ಮಗಳು ಇದನ್ನು ಹೇಳಿದಾಗ ಅತ್ತೆ ಕರಡಿಗೆಯನ್ನು ಮುಟ್ಟಿಕೊಂಡು ಬಹಳ ಹೊತ್ತು ಕೆಳಗಿನ ನೀರನ್ನು ನೋಡಿದರು.

ಮರುದಿನ ಬೆಳಗ್ಗೆ ಉಪ್ಪುವೆಳಿಯ ತೀರದಲ್ಲಿ ಆಕೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದರು. ಒಂದು ಕೈ ಮೊಮ್ಮಗನ ಕೈಯಲ್ಲಿ, ಇನ್ನೊಂದು ಕರಡಿಗೆಯ ಮೇಲೆ. ತೆರೆ ಬಂದು ಪಾದ ತೊಳೆದು ಹೋಯಿತು. ಎರಡು ಹೆಜ್ಜೆ ಮುಂದೆ ಹೋದರು. ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದರು. “ಇಷ್ಟ ನೀರ ಐತಿ, ಒಂದ ತಂಬಗಿ ಕುಡಿಯಾಕ ಬರಾಂಗಿಲ್ಲ!” ಎಂದು ಜೋರಾಗಿ ನಕ್ಕರು. ಆಮೇಲೆ ಯಾರಿಗೋ ಹೇಳುವಂತೆ ಮೆಲ್ಲಗೆ, “ನೋಡಿದ್ನಿ, ಆತು,” ಎಂದರು. ಯಾರಿಗೆಂದು ನಾವು ಕೇಳಲಿಲ್ಲ.

ಈಗ ಬೇಸಗೆಯಲ್ಲಿ ನಲ್ಲಿಗೆ ನೀರು ತಡವಾದಾಗ ಅತ್ತೆ ಕಟ್ಟೆಯ ಮೇಲೆ ಕುಳಿತು ನೆರೆಯ ಹೆಂಗಸರಿಗೆ ಕಡಲಿನ ಕಥೆ ಹೇಳುತ್ತಾರೆ. ಪ್ರತಿ ಸಲ ತೆರೆ ಒಂದು ಗೇಣು ಎತ್ತರವಾಗುತ್ತದೆ.

ಹೊರಡುವವರಿಗೆ:
ದೇಶ ಆರಿಸುವ ಮೊದಲು ನಿಮ್ಮ ರಜೆಯ ತಿಂಗಳು ನೋಡಿ. ಮಾಲ್ಡೀವ್ಸ್‌ಗೆ ಡಿಸೆಂಬರಿನಿಂದ ಏಪ್ರಿಲ್ ಒಣ ಕಾಲ. ಅಲ್ಲಿ ಮಾಲೆಯಿಂದ ದ್ವೀಪಕ್ಕೆ ಹೋಗುವ ದೋಣಿಯ ಖರ್ಚನ್ನೂ, ದಿನಕ್ಕೆ ತಲೆಗಿಷ್ಟೆಂದು ಕೊಡಬೇಕಾದ ಹಸಿರು ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಶ್ರೀಲಂಕಾಕ್ಕೆ ಹೊರಡುವ ಮುನ್ನವೇ ಆನ್‌ಲೈನ್ ಪ್ರವೇಶ ಅನುಮತಿ ಪಡೆಯುವುದು ಒಳ್ಳೆಯದು. ನಿಯಮಗಳೂ ಶುಲ್ಕಗಳೂ ಆಗಾಗ ಬದಲಾಗುವುದರಿಂದ ಸರ್ಕಾರಿ ಜಾಲತಾಣವನ್ನೇ ನೋಡಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರನ್ನು ಕೇಳಿ.