ಆ ಪುಟ್ಟ ಸೊನ್ನೆಗೆ ಒಂದು ಲಕ್ಷ (ಬಾನಿಂದ ನೆಲಕ್ಕೆ, ಭಾಗ 6)

ಎರಡನೇ ಸ್ಲೈಡಿಗೆ ಹೋಗಿ ಜೂಮ್ ಮಾಡಿ. ನನ್ನ ಮುಖ ಅಲ್ಲ ಕಣ್ರೋ, ಅದು ಗಾಳಿಗೆ ಸೊಟ್ಟಗಾಗಿದೆ, ಬಿಟ್ಬಿಡಿ. ಪ್ಯಾರಾಚೂಟ್ ಬ್ಯಾಗಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕಿಂಡಿ ಇದೆಯಲ್ಲ, ಅದರೊಳಗೆ ಒಂದು ಸೊನ್ನೆ ಕಾಣ್ತಿದೆಯಲ್ಲ, ಇವತ್ತಿನ ಪೋಸ್ಟ್ ಪೂರ್ತಿ ಆ ಸೊನ್ನೆ ಬಗ್ಗೆ.

ಅದರ ಪೂರ್ತಿ ಹೆಸರು ಆಟೊಮ್ಯಾಟಿಕ್ ಆಕ್ಟಿವೇಶನ್ ಡಿವೈಸ್. ಎಲ್ಲರೂ ಎಎಡಿ ಅಂತಾರೆ. ನೀವು ಪ್ಯಾರಾಚೂಟ್ ಬಿಚ್ಚದೇ ಬೀಳ್ತಾನೇ ಇದ್ರೆ, ಇನ್ನು ತಡ ಮಾಡಿದ್ರೆ ಕಥೆ ಮುಗೀತು ಅನ್ನೋ ಎತ್ತರದಲ್ಲಿ ಅದು ನಿಮ್ಮನ್ನ ಕೇಳದೆ ರಿಸರ್ವ್ ಪ್ಯಾರಾಚೂಟ್ ಬಿಚ್ಚಿಬಿಡುತ್ತೆ. ಇಲ್ಲಿ ಅಮೆರಿಕದಲ್ಲಿ ಕಲಿಯೋ ವಿದ್ಯಾರ್ಥಿಗಳಿಗೆ ಇದು ಇರಲೇಬೇಕು. ಲೈಸೆನ್ಸ್ ಬಂದ ಮೇಲೆ ದೇಶದ ಕಾನೂನು ಕೇಳಲ್ಲ, ನಿಮ್ಮಿಷ್ಟ. ನನ್ನ 25 ಜಂಪ್ ಮುಗಿದು ಎ ಲೈಸೆನ್ಸ್ ಕೈಗೆ ಬಂದಿದೆ. ಸ್ವಂತಕ್ಕೆ ಒಂದು ಸೆಕೆಂಡ್ ಹ್ಯಾಂಡ್ ರಿಗ್ ತಗೋಬೇಕು. ಎಎಡಿ ಒಂದಕ್ಕೇ ನಮ್ಮ ದುಡ್ಡಲ್ಲಿ ಲಕ್ಷದ ಮೇಲಾಗುತ್ತೆ. "ಅದನ್ನ ಬಿಡು, ಆ ದುಡ್ಡಲ್ಲಿ ಇನ್ನೂ ಮೂವತ್ತು ಜಂಪ್ ಮಾಡಬಹುದು, ಗಟ್ಟಿಗರು ತಮ್ಮ ಕೈಯಿಂದಲೇ ಎಳೀತಾರೆ" ಅಂತ ರಿಗ್ ಮಾರೋಕೆ ಬಂದವನೊಬ್ಬ ಹೇಳಿದ. ಯಾಕೆ ಬಿಡಲ್ಲ ಅಂತ ಅವನಿಗೆ ಇಂಗ್ಲಿಷಲ್ಲಿ ಹೇಳೋಕೆ ಸರಿಯಾಗಿ ಬರಲಿಲ್ಲ. ನಿಮಗೆ ಹೇಳ್ತೀನಿ.

ಮೊದಲನೇ ಕಾರಣ, ಎಜುಕೇಶನ್ ಲೋನ್. ಗ್ಯಾರಂಟಿಗೆ ಸಹಿ ಹಾಕಿರೋದು ಮೈಸೂರಲ್ಲಿರೋ ಚಿಕ್ಕಪ್ಪ. ನಾನು ನೆಲಕ್ಕೆ ಬಿದ್ರೆ ಸಾಲ ಅವರ ತಲೆ ಮೇಲೆ ಬೀಳುತ್ತೆ. ಅವರಿಗೆ ಯಾವ ಎಎಡಿನೂ ಇಲ್ಲ.

ಎರಡನೇ ಕಾರಣ ನೀವೇ. ನಮ್ಮ ಕ್ಲಾಸ್ ಗ್ರೂಪಲ್ಲಿ ಶ್ರದ್ಧಾಂಜಲಿಗೆ ಯಾವ ಫೋಟೋ ಹಾಕ್ತೀರಿ ಅಂತ ನನಗೆ ಗೊತ್ತು. ಫ್ರೆಶರ್ಸ್ ಡೇದು, ಆ ಗುಲಾಬಿ ಲೆಹೆಂಗಾ. ಅದಕ್ಕೆ ಅವಕಾಶ ಕೊಡಲ್ಲ.

ಆಮೇಲೆ ಅಮ್ಮ. ವಿಡಿಯೋ ಕಾಲಲ್ಲಿ "ಅಮ್ಮಾ, ನಾನು ಮರೆತ್ರೂ ತಾನೇ ಬಿಚ್ಚೋ ಯಂತ್ರ ಇದೆ" ಅಂದೆ. ಸಮಾಧಾನ ಆಗುತ್ತೆ ಅಂದ್ಕೊಂಡಿದ್ದೆ. ಒಂದು ಕ್ಷಣ ಸುಮ್ಮನಿದ್ದು, "ಕರೆಂಟ್ ಹೋದ್ರೆ?" ಅಂದ್ರು. ಬ್ಯಾಟರಿ ಒಳಗೇ ಇರುತ್ತೆ ಅಂತ ಹೇಳಿದೆ. ಬೆಳಿಗ್ಗೆ ಆನ್ ಮಾಡಿದ ತಕ್ಷಣ ಹತ್ತರಿಂದ ಸೊನ್ನೆವರೆಗೆ ಎಣಿಸ್ತಾ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ಳುತ್ತೆ, ಎಲ್ಲ ಸರಿ ಇದ್ರೆ ಮಾತ್ರ ಆ ಸೊನ್ನೆ ತೋರಿಸುತ್ತೆ ಅಂತಾನೂ ಹೇಳಿದೆ. "ಅದಾದ್ರೂ ತನ್ನನ್ನ ಪರೀಕ್ಷೆ ಮಾಡ್ಕೊಳ್ಳುತ್ತೆ, ನಿನಗೆ ಆ ಬುದ್ಧಿ ಯಾವಾಗ ಬರುತ್ತೆ?" ಅಂದ್ರು. ಅಲ್ಲಿಗೆ ಕಾಲ್ ಮುಗೀತು.

ಇದು ಕೆಲಸ ಮಾಡೋ ರೀತಿ ತುಂಬಾ ಸರಳ, ನನಗೆ ಇಷ್ಟ ಆಗಿದ್ದೇ ಅದು. ಹೆಚ್ಚು ಜನ ಹಾಕೋದು ಸೈಪ್ರೆಸ್ ಅನ್ನೋದನ್ನ. ಜರ್ಮನಿಯ ಹೆಲ್ಮುಟ್ ಕ್ಲೋತ್ ಮಾಡಿದ್ದು, 1991ರಲ್ಲಿ ಮಾರುಕಟ್ಟೆಗೆ ಬಂತು. ಒಳಗೊಂದು ಸಣ್ಣ ಕಂಪ್ಯೂಟರ್ ಇದೆ. ಗಾಳಿಯ ಒತ್ತಡ ಅಳೆದು ಎಷ್ಟು ಎತ್ತರ, ಎಷ್ಟು ವೇಗ ಅಂತ ಲೆಕ್ಕ ಹಾಕ್ತಾನೇ ಇರುತ್ತೆ. ನಾವು ಹೊಟ್ಟೆ ಕೆಳಗೆ ಮಾಡ್ಕೊಂಡು ಬೀಳೋವಾಗ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ನೆಲದಿಂದ ಸುಮಾರು 225 ಮೀಟರ್ ಎತ್ತರಕ್ಕೆ ಬಂದಾಗಲೂ ವೇಗ ಸೆಕೆಂಡಿಗೆ 35 ಮೀಟರಿಗಿಂತ ಜಾಸ್ತಿ ಇದ್ರೆ, ಇವರ ತಲೆ ಮೇಲೆ ಪ್ಯಾರಾಚೂಟ್ ಇಲ್ಲ ಅಂತ ಅದಕ್ಕೆ ಅರ್ಥ ಆಗುತ್ತೆ. ರಿಸರ್ವನ್ನ ಮುಚ್ಚಿಟ್ಟಿರೋ ದಾರವನ್ನ ಒಂದು ಪುಟ್ಟ ಬ್ಲೇಡು ಕಚಕ್ ಅಂತ ಕತ್ತರಿಸುತ್ತೆ. ಅದರ ಕೆಲಸ ಅಷ್ಟೇ.

225 ಮೀಟರ್ ಅಂದ್ರೆ ಎಷ್ಟು ಅಂತ ಮೈಸೂರಿನೋರಿಗೆ ಹೇಳೋದು ಸುಲಭ. ಚಾಮುಂಡಿ ಬೆಟ್ಟ ಊರಿಂದ ಸುಮಾರು 300 ಮೀಟರ್ ಮೇಲಿದೆ. ಅಂದ್ರೆ ನೀವು ಬೀಳ್ತಾ ಬೀಳ್ತಾ ದೇವಸ್ಥಾನದ ಮಟ್ಟ ದಾಟಿ, ಅಮ್ಮನವರಿಗೆ ಕೈ ಮುಗಿದು, ಇನ್ನೂ ಕೆಳಗೆ ಬಂದ ಮೇಲೆ ಈ ಯಂತ್ರ ಕಣ್ಣು ಬಿಡುತ್ತೆ. ಅಲ್ಲಿಂದ ನೆಲಕ್ಕೆ ಆ ವೇಗದಲ್ಲಿ ಇರೋದು ನಾಲ್ಕು ಸೆಕೆಂಡ್ ಚಿಲ್ಲರೆ. ಎಂಟು ಗಂಟೆ ಕ್ಲಾಸಿಗೆ ಅಲಾರಂ ಐದು ಸಲ ಸ್ನೂಜ್ ಮಾಡೋ ಜನ ನಾವು. ಇಲ್ಲಿ ಸ್ನೂಜ್ ಬಟನ್ ಇಲ್ಲ.

ಇದಿಷ್ಟೂ ನಗೋಕೆ ಹೇಳಿದ್ದು. ಆದ್ರೆ ಆ ಮಾರೋನು ಹೇಳಿದ "ಗಟ್ಟಿಗರು" ಅನ್ನೋ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಹಾಗಾಗಿ ಒಬ್ಬರು ಗಟ್ಟಿಗರ ಕಥೆ ಕೇಳಿ.

ಜೋಸೆಫ್ ಕಿಟಿಂಜರ್, ಅಮೆರಿಕ ವಾಯುಪಡೆಯ ಕ್ಯಾಪ್ಟನ್. ನಾನು ಹಾರೋ ಅರಿಜೋನಾದ ಪಕ್ಕದ ರಾಜ್ಯ ನ್ಯೂ ಮೆಕ್ಸಿಕೋದಲ್ಲಿ, 1959ರ ನವೆಂಬರ್ 16ರಂದು, ಬಲೂನಲ್ಲಿ 76,400 ಅಡಿ ಮೇಲಕ್ಕೆ ಹೋಗಿ ಹಾರಿದ್ರು. ಬೀಳೋವಾಗ ಗಿರಗಿರ ತಿರುಗದ ಹಾಗೆ ನೋಡ್ಕೋಬೇಕಿದ್ದ ಚಿಕ್ಕ ಪ್ಯಾರಾಚೂಟ್ ಟೈಮಿಗೆ ಮುಂಚೆ ಹೊರಬಂದು ಅವರ ಕುತ್ತಿಗೆಗೇ ಸುತ್ತಿಕೊಳ್ತು. ಬುಗುರಿ ತರ ನಿಮಿಷಕ್ಕೆ 120 ಸುತ್ತು. ಎಚ್ಚರ ತಪ್ಪಿತು. ಅವರು ಏನನ್ನೂ ಎಳೀಲಿಲ್ಲ, ಎಳೆಯೋ ಸ್ಥಿತಿಯಲ್ಲೇ ಇರಲಿಲ್ಲ. ತಾನಾಗೇ ಬಿಚ್ಚಿಕೊಂಡ ಎಮರ್ಜೆನ್ಸಿ ಪ್ಯಾರಾಚೂಟ್ ಅವರನ್ನ ನೆಲಕ್ಕೆ ಇಳಿಸ್ತು. ಒಂದು ತಿಂಗಳೊಳಗೆ ಮತ್ತೆ ಹಾರಿದ್ರು. 1960ರ ಆಗಸ್ಟ್ 16ರಂದು 1,02,800 ಅಡಿಯಿಂದ ಹಾರಿದ್ರಲ್ಲ, ಅಷ್ಟು ಎತ್ತರದಿಂದ ಹಾರಿದ ಆ ದಾಖಲೆ ಮುರಿಯೋಕೆ 2012ರಲ್ಲಿ ಫೆಲಿಕ್ಸ್ ಬೌಮ್‌ಗಾರ್ಟ್ನರ್ ಬರಬೇಕಾಯ್ತು. ನಡುವಿನ 52 ವರ್ಷ ಆ ದಾಖಲೆ ಇದ್ದಿದ್ದು, 1959ರಲ್ಲಿ ಯಂತ್ರ ಉಳಿಸಿದ ಮನುಷ್ಯನ ಹೆಸರಲ್ಲಿ.

ಇವರಿಗಿಂತ ಗಟ್ಟಿಗರು ಬೇಕಾ?

ಇಲ್ಲಿ ಸಾವಿರಾರು ಸಲ ಹಾರಿರೋ ಹಿರಿಯರೊಬ್ಬರು ಇದ್ದಾರೆ. ಗುಂಪಲ್ಲಿ ಹಾರೋವಾಗ ನಿನಗೆ ದೊಡ್ಡ ಅಪಾಯ ನೆಲ ಅಲ್ಲ, ನಿನ್ನ ಫ್ರೆಂಡಿನ ಮೊಣಕಾಲು ಅಂತಾರೆ ಅವರು. ಇಬ್ಬರ ವೇಗ ಸ್ವಲ್ಪ ಹೆಚ್ಚುಕಮ್ಮಿ ಆಗಿ ತಲೆಗೆ ಒಂದು ಏಟು ಬಿದ್ರೆ, ನೀವು ಎಷ್ಟೇ ಕಲಿತಿದ್ರೂ ಹ್ಯಾಂಡಲ್ ಎಲ್ಲಿದೆ ಅಂತ ಎಚ್ಚರ ತಪ್ಪಿದ ಕೈಗೆ ಗೊತ್ತಿರಲ್ಲ. ಧೈರ್ಯ ಬೇಕು ಅಂದ್ರೆ ಮೊದಲು ಎಚ್ಚರ ಇರಬೇಕಲ್ಲ. ನಮ್ಮೂರಲ್ಲಿ ಪೊಲೀಸ್ ಕಂಡ್ರೆ ತಲೆಗೆ, ಇಲ್ಲದಿದ್ರೆ ಮೊಣಕೈಗೆ ಹೆಲ್ಮೆಟ್ ಹಾಕೋ ಅಣ್ಣಂದಿರೂ ಚೆನ್ನಾಗಿ ಗಾಡಿ ಓಡಿಸೋರೇ, ಅದರಲ್ಲಿ ಅನುಮಾನ ಇಲ್ಲ.

ಹಾಗಂತ ಎಎಡಿ ದೇವರಲ್ಲ. ಮುಖ್ಯ ಪ್ಯಾರಾಚೂಟ್ ಅರ್ಧಂಬರ್ಧ ಬಿಚ್ಚಿ, ವೇಗ ಆ 35 ಮೀಟರಿಗಿಂತ ಕಮ್ಮಿ ಆದ್ರೆ, ನೀವು ತಿರುಗ್ತಾ ಕೆಳಗೆ ಹೋಗ್ತಿದ್ರೂ ಅದು ತೆಪ್ಪಗೆ ಕೂತಿರುತ್ತೆ. ಕೆಟ್ಟ ಪ್ಯಾರಾಚೂಟನ್ನ ಕಳಚಿ ಎಸೆಯೋದು ನಮ್ಮ ಕೈಯದೇ ಕೆಲಸ. ಹೇಗಿದ್ರೂ ಅದಿದೆ ಬಿಡು ಅಂತ ಮೈಮರೆಯೋರೂ ಇರ್ತಾರೆ ಅನ್ನೋದು ಎಎಡಿ ಬೇಡ ಅನ್ನೋರ ಹಳೇ ವಾದ. ಅದು ಸುಳ್ಳಲ್ಲ. ನಾನು ಪ್ರತಿ ಸಲ ಬಾಗಿಲಲ್ಲಿ ನಿಂತಾಗ ಅದು ಇಲ್ಲ ಅಂತಲೇ ಅಂದ್ಕೊಳ್ತೀನಿ. ಎತ್ತರ ನಾನೇ ನೋಡ್ಕೊಳ್ತೀನಿ, ನಾನೇ ಎಳೀತೀನಿ. ಅದಕ್ಕೆ ಜೀವಮಾನದಲ್ಲಿ ಒಂದು ಸಲನೂ ಕೆಲಸ ಕೊಡಬಾರದು. ಕೆಲಸ ಕೊಡದೇ ಇರೋಕೆ ಲಕ್ಷ ರೂಪಾಯಿ ಕೊಟ್ಟು ಇಟ್ಕೊಳ್ಳೋ ಆಳು ಅದು.

ಹಾಂ, ಇನ್ನೊಂದು ಕಾರಣ ಮರೆತಿದ್ದೆ. ರಿಸರ್ವ್ ಬಿಚ್ಚಿ ಬದುಕಿ ಬಂದೋರು, ಅದನ್ನ ಮಡಚಿಟ್ಟ ರಿಗ್ಗರ್‌ಗೆ ಒಳ್ಳೇ ಬಾಟಲಿ ಕೊಡಿಸೋದು ಇಲ್ಲಿನ ಸಂಪ್ರದಾಯ. ಯಂತ್ರ ಇಲ್ದೆ ನಾನು ಹೋಗಿಬಿಟ್ರೆ ಪಾಪ ಅವರ ಬಾಟಲಿ ಕೊಡಿಸೋರು ಯಾರು? ಚಿಕ್ಕಪ್ಪನನ್ನೇ ಕೇಳ್ತಾರೇನೋ.

ಎಎಡಿ ಇಲ್ಲದ ಆ ರಿಗ್ ಬೇಡ ಅಂದೆ. ಬೇರೆಯದು ಮುಂದಿನ ವಾರ ಬರುತ್ತೆ, ಕಿಂಡಿ ಮತ್ತು ಸೊನ್ನೆ ಸಮೇತ. ಎರಡು ತಿಂಗಳು ಊಟಕ್ಕೆ ಮ್ಯಾಗಿ.

ಭಾಗ 7ರಲ್ಲಿ ಪ್ಯಾರಾಚೂಟ್ ಮಡಚೋದು ಹೇಗೆ ಅಂತ. ರೇಷ್ಮೆ ಸೀರೆ ಮಡಚೋಕೆ ಬರುತ್ತೆ, ಇದೇನು ಮಹಾ ಅನ್ನೋರನ್ನ ಟ್ಯಾಗ್ ಮಾಡಿಡಿ.

#ಬಾನಿಂದನೆಲಕ್ಕೆ #ಮೈಸೂರುಹುಡುಗಿ #ಚಿಕ್ಕಪ್ಪಕ್ಷಮಿಸಿ